ಕುದುರೆಮುಖದ ಕರಿ ಅದಿರು ಮತ್ತು ಕೆಸರಿನೊಳಗಿನ ಕಾಂತದ ಹರಳು

ಪಣಂಬೂರು, ಸುರತ್ಕಲ್ ಕಡೆಯ ನಮ್ಮ ವಯಸ್ಸಿನವರಿಗೆ ಕುದುರೆಮುಖದ ಅದಿರು ಹೊಸತಲ್ಲ. ಗುಡ್ಡದಲ್ಲಿ ಅಗೆದು, ಪುಡಿ ಮಾಡಿ, ನೀರಿನೊಟ್ಟಿಗೆ ಕಲಸಿ 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರಿಗೆ ಇಳಿಸುತ್ತಿದ್ದರು. ಅದರ ಹೆಸರು ಮ್ಯಾಗ್ನೆಟೈಟ್. ಬಣ್ಣ ಕಪ್ಪು, ಅಯಸ್ಕಾಂತಕ್ಕೆ ಅಂಟುತ್ತದೆ. ಇದೇ ಮ್ಯಾಗ್ನೆಟೈಟನ್ನು ಕೆಸರಿನಲ್ಲಿರುವ ಒಂದು ಜಾತಿಯ ಬ್ಯಾಕ್ಟೀರಿಯಾ ತನ್ನ ಮೈಯೊಳಗೆ ತಾನೇ ಮಾಡಿಕೊಳ್ಳುತ್ತದೆ ಮಾರಾಯ್ರೆ. ಎರಡರ ಚರಿತ್ರೆಯನ್ನೂ ಒಟ್ಟಿಗೆ ಬರೆಯುತ್ತೇನೆ. ನಮ್ಮ ಗದ್ದೆಯ ಕೆಂಪು ನೀರು ಎಂತ ಅಂತ ಇದರಿಂದ ಗೊತ್ತಾಗ್ತದೆ.

ಮೊದಲು ಗುಡ್ಡದ್ದು. ಅಲ್ಲಿ ಅದಿರು ಉಂಟು ಅಂತ 1913ರಲ್ಲಿ ಗುರುತಿಸಿದವರು ಭೂವಿಜ್ಞಾನಿ ಸಂಪತ್ ಅಯ್ಯಂಗಾರ್. ಕಂಪನಿ ಶುರುವಾದದ್ದು 1976ರಲ್ಲಿ. ಹಣ ಕೊಡುತ್ತೇನೆಂದು ಒಪ್ಪಿದ್ದ ಇರಾನ್ ದೇಶ 1979ರ ಕ್ರಾಂತಿಯ ನಂತರ ಹಿಂದೆ ಸರಿಯಿತು. ಆದರೂ ಕೆಲಸ ನಡೆಯಿತು. ಕಲ್ಲಿನಲ್ಲಿ ಕಬ್ಬಿಣ ಇದ್ದದ್ದು ಶೇ. 38ರ ಆಸುಪಾಸು ಮಾತ್ರ. ನುಣ್ಣಗೆ ಅರೆದು ಅಯಸ್ಕಾಂತದಿಂದ ಎಳೆದು ತೆಗೆದರೆ ಶೇ. 67ರ ವರೆಗೆ ಏರುತ್ತಿತ್ತು. ಕಾಡಿಗೂ ಭದ್ರಾ ಹೊಳೆಗೂ ಆಗುವ ಹಾನಿಯ ಕಾರಣಕ್ಕೆ ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 2002ರಲ್ಲಿ ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು.

ಆ ಗುಡ್ಡದ ಪಟ್ಟೆ ಪಟ್ಟೆ ಕಲ್ಲು 250 ಕೋಟಿ ವರ್ಷಕ್ಕಿಂತ ಹಿಂದಿನದು. ಆಗ ಗಾಳಿಯಲ್ಲಿ ಆಮ್ಲಜನಕ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಕಬ್ಬಿಣ ಸಮುದ್ರದ ನೀರಲ್ಲಿ ಕರಗಿಕೊಂಡೇ ಇತ್ತು. ಅದನ್ನು ತುಕ್ಕು ಮಾಡಿ ತಳದಲ್ಲಿ ಕೂರಿಸಿದ್ದರಲ್ಲಿ ಸೂಕ್ಷ್ಮಜೀವಿಗಳ ಪಾಲೂ ಉಂಟು ಅಂತ ಭೂವಿಜ್ಞಾನಿಗಳು ಹೇಳುತ್ತಾರೆ. ಮುಂದೆ ಭೂಮಿಯೊಳಗಿನ ಕಾವು ಮತ್ತು ಭಾರಕ್ಕೆ ಸಿಕ್ಕಿ ಅದು ಮ್ಯಾಗ್ನೆಟೈಟ್ ಆಯಿತು.

ಇನ್ನು ಕೆಸರಿನದ್ದು. 1963ರಲ್ಲಿ ಇಟಲಿಯ ಪಾವಿಯಾದಲ್ಲಿ ಸಾಲ್ವಟೋರೆ ಬೆಲ್ಲಿನಿ ಎಂಬವರು ಕೆಸರು ನೀರನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಕೆಲವು ಬ್ಯಾಕ್ಟೀರಿಯಾ ಯಾವಾಗಲೂ ಉತ್ತರಕ್ಕೇ ಈಜುವುದನ್ನು ಕಂಡರು. ಬರೆದಿಟ್ಟರು, ಆದರೆ ಹೊರಗಿನ ಲೋಕಕ್ಕೆ ಮುಟ್ಟಲಿಲ್ಲ. ಅಮೆರಿಕದಲ್ಲಿ ರಿಚರ್ಡ್ ಬ್ಲೇಕ್‌ಮೋರ್ ಎಂಬ ವಿದ್ಯಾರ್ಥಿಗೆ ಉಪ್ಪುನೀರಿನ ಜೌಗಿನ ಕೆಸರಿನಲ್ಲಿ ಇದೇ ಕಂಡಿತು. ಬೆಳಕಿಗೆ ಓಡುತ್ತವೋ ಅಂತ ನೋಡಿದ, ಅಲ್ಲ. ಅಯಸ್ಕಾಂತ ಹತ್ತಿರ ತಂದ, ಎಲ್ಲವೂ ಒಟ್ಟಿಗೆ ತಿರುಗಿದವು. 1975ರಲ್ಲಿ ಅದು ಅಚ್ಚಾಯಿತು. ಒಳಗಿರುವ ಕಪ್ಪು ಹರಳು ಮ್ಯಾಗ್ನೆಟೈಟ್ ಅಂತ ಖಚಿತವಾದದ್ದು 1979ರಲ್ಲಿ.

ಹರಳು ಆಗುವ ಕ್ರಮ ಹೀಗೆ. ಬ್ಯಾಕ್ಟೀರಿಯಾ ನೀರಿನಿಂದ ಕಬ್ಬಿಣ ಹೀರುತ್ತದೆ. ತನ್ನ ಒಳಪೊರೆಯನ್ನೇ ಮಡಚಿ ಸಣ್ಣ ಸಣ್ಣ ಚೀಲ ಮಾಡಿ, ಕಬ್ಬಿಣವನ್ನು ಅದರೊಳಗೆ ಸೇರಿಸುತ್ತದೆ. ಮ್ಯಾಗ್ನೆಟೈಟ್ ಆಗಬೇಕಾದರೆ ನೀರಲ್ಲಿ ಸುಲಭ ಕರಗುವ ಜಾತಿಯ ಕಬ್ಬಿಣ ಒಂದು ಪಾಲು, ತುಕ್ಕಿನ ಜಾತಿಯದ್ದು ಎರಡು ಪಾಲು ಬೇಕು. ಆ ಹದವನ್ನು ಚೀಲದ ಪ್ರೋಟೀನುಗಳು ನೋಡಿಕೊಳ್ಳುತ್ತವೆ. ಗಾಳಿ ಹೆಚ್ಚಾದರೆ ಹರಳು ಆಗುವುದಿಲ್ಲ. ಗಾತ್ರ 35ರಿಂದ 120 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲಿನ ಲೆಕ್ಕ. ಇದಕ್ಕಿಂತ ಸಣ್ಣದಾದರೆ ಕಾಂತಶಕ್ತಿ ನಿಲ್ಲುವುದಿಲ್ಲ, ದೊಡ್ಡದಾದರೆ ಒಂದೇ ದಿಕ್ಕು ಹಿಡಿಯುವುದಿಲ್ಲ. ಹರಳುಗಳನ್ನು ಒಂದು ಎಳೆಯಲ್ಲಿ ಮಣಿಸರದ ಹಾಗೆ ಪೋಣಿಸಿಟ್ಟರೆ ದಿಕ್ಸೂಚಿಯ ಮುಳ್ಳು ತಯಾರು.

ಇದು ಅದಕ್ಕೆ ಎಂತಕ್ಕೆ? ತೀರಾ ಕಡಿಮೆ ಗಾಳಿ ಇರುವ ಪದರವೇ ಅದರ ಮನೆ. ಉತ್ತರದ ದೇಶಗಳಲ್ಲಿ ಭೂಮಿಯ ಕಾಂತದ ಸೆಳೆತ ಕೆಳಮುಖ, ಅದನ್ನು ಹಿಡಿದು ಹೋದರೆ ಸೀದಾ ಕೆಸರಿಗೆ ಇಳಿಯಬಹುದು. ನ್ಯೂಜಿಲೆಂಡ್ ಕಡೆಯವು ದಕ್ಷಿಣಕ್ಕೆ ಈಜುತ್ತವೆ. ಬ್ರೆಜಿಲಿನಲ್ಲಿ ಸೆಳೆತ ಅಡ್ಡಕ್ಕೆ ಮಲಗಿರುವ ಜಾಗದಲ್ಲಿ ಎರಡೂ ಜಾತಿ ಸಿಕ್ಕಿದವು. ನಮ್ಮ ಮಂಗಳೂರಿನಲ್ಲೂ ಸೆಳೆತ ಸ್ವಲ್ಪವೇ ಬಾಗಿರುವುದು.

ಈಗ ಗದ್ದೆಗೆ ಬನ್ನಿ. ನಮ್ಮ ಮುರಕಲ್ಲಿನ ಮಣ್ಣಿನಲ್ಲಿ ಕಬ್ಬಿಣಕ್ಕೆ ಬರ ಇಲ್ಲ. ಮಳೆಗಾಲದಲ್ಲಿ ಬೈಲು ಗದ್ದೆಯಲ್ಲಿ ನೀರು ನಿಂತು ಗಾಳಿ ಕಡಿದರೆ ಕಬ್ಬಿಣ ಕರಗುತ್ತದೆ. ಅದು ಒರತೆಯಾಗಿ ಕಣಿಗೆ, ತೋಡಿಗೆ ಬಂದು ಗಾಳಿ ತಾಗಿದ ಕೂಡಲೇ ಕೆಂಪು ಲೋಳೆಯಾಗಿ ಕೂರುತ್ತದೆ, ಮೇಲೆ ಬಣ್ಣಬಣ್ಣದ ಪೊರೆ ಕಟ್ಟುತ್ತದೆ. ಈ ಕೆಲಸ ಮಾಡುವುದು ಬೇರೆ ಜಾತಿಯ ಬ್ಯಾಕ್ಟೀರಿಯಾ. ಅವು ತುಕ್ಕನ್ನು ಮೈಯ ಹೊರಗೆ ಬಿಡುತ್ತವೆ, ಕಾಂತದವು ಒಳಗೆ ಹರಳು ಕಟ್ಟುತ್ತವೆ.

ಈ ಪೊರೆ ನೋಡಿ "ಯಾರೋ ಎಣ್ಣೆ ಬಿಟ್ಟಿದ್ದಾರೆ" ಅಂತ ನೆರೆಕರೆಯಲ್ಲಿ ಎಷ್ಟು ಜಗಳ ಆಗಿಲ್ಲ ಹೇಳಿ! ಒಂದು ಕೋಲು ತೆಗೆದು ಕೆದಕಿ ನೋಡಿ. ಒಡೆದ ಗಾಜಿನ ಹಾಗೆ ಚೂರುಚೂರಾಗಿ ನಿಂತರೆ ಕಬ್ಬಿಣದ ಪೊರೆ. ಸುತ್ತಿ ತಿರುಗಿ ಪುನಃ ಕೂಡಿಕೊಂಡರೆ ಎಣ್ಣೆ, ಆಗ ಧೈರ್ಯದಲ್ಲಿ ದೂರು ಕೊಡಿ. ಪೊರೆ ಕಬ್ಬಿಣದ್ದು ಅಂತಾದ ಮಾತ್ರಕ್ಕೆ ನೀರು ಶುದ್ಧ ಅಂತ ಅಲ್ಲ. ವಾಸನೆ ಇದ್ದರೆ, ಮೀನು ಸತ್ತರೆ ಪರೀಕ್ಷೆ ಮಾಡಿಸಲೇಬೇಕು.

ಭತ್ತದ ಎಲೆ ಕಂಚಿನ ಬಣ್ಣಕ್ಕೆ ತಿರುಗಿದರೆ ಕರಗಿದ ಕಬ್ಬಿಣ ಹೆಚ್ಚಾಗಿರಬಹುದು. ಕೆಲವು ದಿನ ನೀರು ಬಸಿದು ಗದ್ದೆಗೆ ಗಾಳಿ ಆಡಿಸಿ. ಹುಳಿ ಮಣ್ಣಾದರೆ ಸುಣ್ಣ, ಪೊಟ್ಯಾಷ್ ಕಡಿಮೆ ಇದ್ದರೆ ಅದೂ ಬೇಕು, ಆದರೆ ಮಣ್ಣು ಪರೀಕ್ಷೆ ಮಾಡಿಸಿಯೇ ಹಾಕಿ. ಈ ವರ್ಷ ಯಾರ ತೋಡಿನಲ್ಲಿ ಪೊರೆ ಕಟ್ಟಿದೆ, ಕೋಲು ಹಾಕಿದಾಗ ಎಂತಾಯಿತು ಅಂತ ಕೆಳಗೆ ಬರೆಯಿರಿ.