ಲಾಳ ಮತ್ತು ಬರಿಗೊರಸು: ದಕ್ಷಿಣ ಭಾರತದ ಅಶ್ವಚರಿತ್ರೆಯ ಒಂದು ಪ್ರಶ್ನೆ

ಕ್ರಿ.ಶ. 13ನೆಯ ಶತಮಾನದ ಕೊನೆಯ ಭಾಗದಲ್ಲಿ ಪಾಂಡ್ಯರ ಆಳ್ವಿಕೆಯಲ್ಲಿದ್ದ ಕರಾವಳಿಯನ್ನು ಕಂಡ ವೆನಿಸ್ಸಿನ ಪ್ರವಾಸಿ ಮಾರ್ಕೊ ಪೋಲೊ, ಅಲ್ಲಿಗೆ ಕಡಲ ಮೂಲಕ ಬರುತ್ತಿದ್ದ ಕುದುರೆಗಳ ಬಗೆಗೆ ವಿಚಿತ್ರವಾದ ಸಂಗತಿಯೊಂದನ್ನು ದಾಖಲಿಸಿದ್ದಾನೆ. ಅರಸನು ವರ್ಷವೊಂದಕ್ಕೆ ಎರಡು ಸಾವಿರಕ್ಕೂ ಮಿಕ್ಕ ಕುದುರೆಗಳನ್ನು ಕೊಳ್ಳುತ್ತಿದ್ದನು. ವರ್ಷಾಂತ್ಯಕ್ಕೆ ಅವುಗಳಲ್ಲಿ ನೂರು ಕೂಡ ಉಳಿಯುತ್ತಿರಲಿಲ್ಲ. ಕುದುರೆಯ ಆರೈಕೆ ಬಲ್ಲವರು ಅಲ್ಲಿರಲಿಲ್ಲ. ವ್ಯಾಪಾರ ಕುಗ್ಗೀತೆಂಬ ಭಯದಿಂದ ವರ್ತಕರು ಅಂತಹವರನ್ನು ಅಲ್ಲಿಗೆ ಹೋಗಗೊಡುತ್ತಲೂ ಇರಲಿಲ್ಲ ಎಂಬುದು ಅವನ ವಿವರಣೆ. ಇಂಗ್ಲಿಷ್ ಅನುವಾದದಲ್ಲಿ ಈ ತಜ್ಞರಿಗೆ ಬಳಕೆಯಾಗಿರುವ 'ಫ್ಯಾರಿಯರ್' ಎಂಬ ಪದಕ್ಕೆ ಇಂದು ಲಾಳ ಹೊಡೆಯುವವನೆಂಬ ಅರ್ಥವೇ ಮುಖ್ಯ. ಆದ್ದರಿಂದ, ಕಾಲಿಗೆ ಕಬ್ಬಿಣವಿಲ್ಲದೆ ದಕ್ಷಿಣದ ಕುದುರೆಗಳು ಅಳಿದವು ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಆದರೆ ಈ ತೀರ್ಮಾನ ಎಷ್ಟರಮಟ್ಟಿಗೆ ಒಪ್ಪತಕ್ಕುದು?

ಮಧ್ಯಯುಗದ ಯುರೋಪಿನಲ್ಲಿ ಲಾಳ ಹೊಡೆಯುವವನೂ ಕುದುರೆಯ ವೈದ್ಯನೂ ಒಬ್ಬನೇ ಆಗಿದ್ದನು. ಪಶುವೈದ್ಯ ಶಾಲೆಗಳು ಸ್ಥಾಪನೆಯಾದ ಮೇಲೆ, ಅಂದರೆ ಲಿಯಾನಿನಲ್ಲಿ 1761ರ ಹಾಗೂ ಲಂಡನ್ನಿನಲ್ಲಿ 1791ರ ಅನಂತರ, ಈ ಎರಡು ವೃತ್ತಿಗಳು ಕ್ರಮೇಣ ಬೇರೆಯಾದವು. ಆದುದರಿಂದ ಪೋಲೊ ಹೇಳುವ ಕೊರತೆಯನ್ನು ಲಾಳದ ಕೊರತೆ ಎಂದಷ್ಟೇ ಓದುವುದಕ್ಕೆ ಆಧಾರ ಸಾಲದು.

ಲಾಳವಿಲ್ಲದ ಕುದುರೆ ಯುದ್ಧಕ್ಕೆ ಒದಗದು ಎಂಬ ಎಣಿಕೆಯಂತೂ ಪ್ರಾಚೀನ ಇತಿಹಾಸದೆದುರು ನಿಲ್ಲುವುದಿಲ್ಲ. ಕ್ರಿ.ಪೂ. 4ನೆಯ ಶತಮಾನದ ಗ್ರೀಕ್ ಸೇನಾನಿ ಜೆನೊಫನ್ ಕುದುರೆ ಸವಾರಿಯನ್ನು ಕುರಿತ ತನ್ನ ಗ್ರಂಥದಲ್ಲಿ ಗೊರಸಿನ ಪರೀಕ್ಷೆಗೆ ಮೊದಲ ಸ್ಥಾನ ನೀಡುತ್ತಾನೆ. ತಳಹದಿ ಕೆಟ್ಟ ಮನೆಯ ಮೇಲ್ಭಾಗ ಎಷ್ಟು ಚೆನ್ನಾಗಿದ್ದರೇನು ಎಂಬುದು ಅವನ ವಾದದ ಸಾರ. ಗೊರಸಿನ ಗೋಡೆ ದಪ್ಪವಾಗಿರಬೇಕು. ಅಂಗಾಲು ನೆಲದಿಂದ ಎತ್ತರದಲ್ಲಿದ್ದು ಟೊಳ್ಳಾಗಿರಬೇಕು. ನೆಲವನ್ನು ತಟ್ಟಿದಾಗ ಅದು ತಾಳದಂತೆ ದನಿಗೊಡಬೇಕು. ಗೊರಸನ್ನು ಗಟ್ಟಿಗೊಳಿಸಲು ಅವನು ಸೂಚಿಸುವ ಉಪಾಯ ಸರಳವಾದುದು. ಲಾಯದ ಹೊರಗಿನ ಅಂಗಳದಲ್ಲಿ ನಾಲ್ಕೈದು ಬಂಡಿಗಳಷ್ಟು, ಮುಷ್ಟಿಗಾತ್ರದ ಗುಂಡುಗಲ್ಲುಗಳನ್ನು ಹರಡಿ, ಅವು ಚದುರದಂತೆ ಕಬ್ಬಿಣದ ಅಂಚು ಕಟ್ಟಬೇಕು. ಅವುಗಳ ಮೇಲೆ ನಿಂತ ಕುದುರೆ ದಾರಿ ನಡೆದಂತೆಯೇ ಕಾಲು ಆಡಿಸುತ್ತದೆ. ಇಲ್ಲಿ ಕಬ್ಬಿಣ ಬಂದಿರುವುದು ಕಲ್ಲುಗಳಿಗಾಗಿ, ಕಾಲಿಗಾಗಿ ಅಲ್ಲ. ಅರ್ಮೇನಿಯದ ಹಿಮದಲ್ಲಿ ಹಳ್ಳಿಯ ಮುಖ್ಯಸ್ಥನೊಬ್ಬನ ಸಲಹೆಯಂತೆ ಕುದುರೆಗಳ ಕಾಲಿಗೆ ಚೀಲ ಕಟ್ಟಿ ನಡೆಸಿದ ಸಂಗತಿಯನ್ನೂ ಇದೇ ಲೇಖಕ ಬೇರೆಡೆ ಹೇಳಿದ್ದಾನೆ. ನೆಲ ಬದಲಾದಾಗ ಕಾಲಿನ ರಕ್ಷಣೆಯೂ ಬದಲಾಗುತ್ತಿತ್ತು.

ಕೌಟಿಲ್ಯನ ಅರ್ಥಶಾಸ್ತ್ರದ ಅಶ್ವಾಧ್ಯಕ್ಷ ಪ್ರಕರಣವು ಕಾಂಬೋಜ, ಸೈಂಧವ, ಆರಟ್ಟ, ವನಾಯು ದೇಶಗಳ ಕುದುರೆಗಳನ್ನು ಉತ್ತಮವೆಂದು ಎಣಿಸಿ, ಆಹಾರ, ನಡಿಗೆ, ಚಿಕಿತ್ಸಕರ ಹೊಣೆಗಳನ್ನು ವಿವರವಾಗಿ ನಿರೂಪಿಸುತ್ತದೆ. ಪ್ರತಿ ಕುದುರೆಯ ಸ್ಥಾನಕ್ಕೂ ನುಣುಪಾದ ಹಲಗೆಯ ನೆಲಗಟ್ಟನ್ನು ವಿಧಿಸುತ್ತದೆ. ಕಬ್ಬಿಣದ ಲಾಳದ ಪ್ರಸ್ತಾಪ ಅಲ್ಲಿಲ್ಲ. ಗ್ರೀಕನು ಕಲ್ಲು ಹರಡಿದನು, ಭಾರತೀಯನು ಹಲಗೆ ಹಾಸಿದನು. ಇಬ್ಬರ ಕುದುರೆಗಳೂ ಬರಿಗೊರಸಿನಲ್ಲಿಯೇ ಯುದ್ಧಭೂಮಿಗೆ ಹೋದವು.

ಮೊಳೆ ಬಡಿದು ಕೂರಿಸುವ ಅರ್ಧಚಂದ್ರಾಕಾರದ ಕಬ್ಬಿಣದ ಸ್ಪಷ್ಟ ಉಲ್ಲೇಖ ಬಿಜಾಂಟಿಯಮ್ಮಿನ ಆರನೆಯ ಲಿಯೊ ಚಕ್ರವರ್ತಿಯ (ಕ್ರಿ.ಶ. 886–912) ಯುದ್ಧತಂತ್ರ ಗ್ರಂಥದಲ್ಲಿದೆ. ಮುಂದಿನ ಶತಮಾನಗಳಲ್ಲಿ ಇದು ಯುರೋಪಿನಲ್ಲೆಲ್ಲ ಹರಡಿತು. ಅಲ್ಲಿನ ತೇವದ ಮಣ್ಣು ಗೊರಸನ್ನು ಮೆತ್ತಗಾಗಿಸುತ್ತಿತ್ತು. ಕವಚ ತೊಟ್ಟ ಸವಾರನ ಭಾರ ಹೆಚ್ಚಿತ್ತು. ಗೊರಸು ಸವೆಯುವ ವೇಗ ಅದು ಬೆಳೆಯುವ ವೇಗವನ್ನು ಮೀರಿದಾಗ ಕಬ್ಬಿಣ ಅನಿವಾರ್ಯವಾಗುತ್ತದೆ. ಮೀರದಿದ್ದಲ್ಲಿ ಅದು ಹೊರೆಯಾಗಬಹುದು. ಇಂಗ್ಲೆಂಡಿನ ಪಶುವೈದ್ಯ ಬ್ರೇಸಿ ಕ್ಲಾರ್ಕ್ 19ನೆಯ ಶತಮಾನದ ಆರಂಭದಲ್ಲಿ, ಭಾರ ಬಿದ್ದಾಗ ಗೊರಸು ತುಸು ಅಗಲವಾಗುವುದೆಂದೂ ಮೊಳೆಯಿಂದ ಬಿಗಿದ ಲಾಳವು ಈ ಚಲನೆಯನ್ನು ತಡೆಯುವುದೆಂದೂ ವಾದಿಸಿದನು. ಅವನು ರೂಪಿಸಿದ ಕೀಲುಳ್ಳ ಲಾಳವು ಬಳಕೆಯಲ್ಲಿ ನೆಲೆಗೊಳ್ಳಲಿಲ್ಲ. ಅವನ ಆಕ್ಷೇಪ ಮಾತ್ರ ಉಳಿದುಕೊಂಡಿತು.

ಭಾರತದಲ್ಲಿ ಲಾಳದ ವೃತ್ತಿಯ ಹೆಸರು ಹೊರಗಿನದು. ಅರಬ್ಬಿಯ 'ನಾಲ್' ಮೂಲತಃ ಪಾದರಕ್ಷೆ. ಪಾರಸಿಯ 'ನಾಲಬಂದ' ಅದನ್ನು ಕಟ್ಟುವವನು. ಅಕ್ಬರನ ಲಾಯದ ಸಿಬ್ಬಂದಿಯಲ್ಲಿ ನಾಲಬಂದರನ್ನು ಹೆಸರಿಸುವ ಐನ್-ಎ-ಅಕ್ಬರಿ, ಕುದುರೆಗಳಿಗೆ ವರ್ಷಕ್ಕೆರಡು ಬಾರಿ ಲಾಳ ಕಟ್ಟಲಾಗುತ್ತಿತ್ತೆಂದು ತಿಳಿಸುತ್ತದೆ. ಉತ್ತರ ಕರ್ನಾಟಕದಲ್ಲಿ ನಾಲಬಂದ ಎಂಬುದು ಇಂದಿಗೂ ಮನೆತನದ ಹೆಸರು. ಕನ್ನಡದ 'ಲಾಳ' ಶಬ್ದವನ್ನೂ ಈ ಮೂಲಕ್ಕೆ ಸೇರಿಸುವುದುಂಟು. 'ನಾಳ'ದಿಂದ ಲಾಳಿ, ಲಾಳಿಕೆಗಳು ಬಂದಿರುವುದನ್ನು ನೆನೆದರೆ ನಕಾರ ಲಕಾರವಾಗುವುದು ಅಸಹಜವಲ್ಲ. ಶಬ್ದವು ಎರವಲಾದ ಮಾತ್ರಕ್ಕೆ ವಸ್ತುವೂ ಅದಕ್ಕೆ ಮುಂಚೆ ಅಪರಿಚಿತವಾಗಿತ್ತೆಂದು ಸಾಧಿಸಿದಂತಾಗದು. ಈ ವಿಷಯದಲ್ಲಿ ಶಿಲ್ಪದ ನೆರವೂ ಅಲ್ಪ. ವೀರಗಲ್ಲಿನ ಕುದುರೆಯ ಜೀನು, ಕಡಿವಾಣ, ಆಭರಣಗಳನ್ನು ಗುರುತಿಸಬಹುದು. ಅದರ ಅಂಗಾಲನ್ನು ಶಿಲ್ಪಿ ತೋರಿಸುವುದಿಲ್ಲ.

ಹಾಗಾದರೆ ಪೋಲೊ ಕಂಡ ಸಾವುಗಳಿಗೆ ಕಾರಣವೇನು? ಸುಮಾರು ಅದೇ ಕಾಲದ ಪಾರಸಿ ಇತಿಹಾಸಕಾರ ವಸ್ಸಾಫನ ಬರಹದಲ್ಲಿ ಹೆಚ್ಚು ಉಪಯುಕ್ತವಾದ ಸುಳಿವಿದೆ. ಈ ಸೀಮೆಯಲ್ಲಿ ಕುದುರೆಗೆ ಹುರಿದ ಜವೆಗೋಧಿ, ಬೆಣ್ಣೆ ಬೆರೆಸಿದ ಧಾನ್ಯ, ಕಾಯಿಸಿದ ಹಸುವಿನ ಹಾಲು ಕೊಡುತ್ತಿದ್ದರು. ಕೊಬ್ಬಲೆಂದು ನಲವತ್ತು ದಿನ ಹಗ್ಗ ಗೂಟಗಳಿಂದ ಲಾಯದಲ್ಲಿಯೇ ಕಟ್ಟಿಹಾಕುತ್ತಿದ್ದರು. ಬಳಿಕ ಪಳಗಿಸದೆಯೇ ಏರಿ ಓಡಿಸುತ್ತಿದ್ದರು ಎನ್ನುತ್ತಾನೆ ಅವನು. ಹೊರಗಿನವನ ತಿರಸ್ಕಾರ ಇದರಲ್ಲಿ ಬೆರೆತಿರುವುದು ನಿಜ. ಆದರೂ ಅತಿಯಾದ ಧಾನ್ಯಾಹಾರವು ಗೊರಸಿನ ಒಳಪದರದ ಉರಿಯೂತಕ್ಕೆ ಕಾರಣವಾಗುತ್ತದೆಂಬುದು ಇಂದಿನ ಪಶುವೈದ್ಯದಲ್ಲಿ ಸುಪರಿಚಿತ ಸಂಗತಿ. ಕೊಬ್ಬಿದ ಕುದುರೆಗೆ ಅದರ ಅಪಾಯ ಇನ್ನೂ ಹೆಚ್ಚು. ಅಂತಹ ಕುದುರೆ ಕುಂಟುತ್ತದೆ, ನೆಲಹಿಡಿಯುತ್ತದೆ. ಲಾಳ ಹೊಡೆದ ಮಾತ್ರಕ್ಕೆ ಈ ರೋಗ ನೀಗದು. ಕಡಲಯಾನದ ಬಳಲಿಕೆ, ಕರಾವಳಿಯ ಸೆಕೆಗಳನ್ನೂ ಸೇರಿಸಿಕೊಂಡರೆ ಲಾಳದ ಪಾತ್ರ ಇನ್ನಷ್ಟು ಕಿರಿದಾಗುತ್ತದೆ.

ಈ ನಷ್ಟದ ಹೊರೆಯನ್ನು ವಿಜಯನಗರವೂ ಹೊತ್ತಿತು. ಸಾಳುವ ನರಸಿಂಹನು ಸಾವಿರ ಪರದಾವುಗಳಿಗೆ ಮೂರರಂತೆ ಕುದುರೆಗಳನ್ನು ಕೊಂಡನು. ಕಡಲಲ್ಲಿ ಸತ್ತ ಕುದುರೆಯ ಬಾಲವನ್ನು ತಂದೊಪ್ಪಿಸಿದರೂ ಪೂರ್ಣ ಬೆಲೆ ತೆತ್ತನು ಎಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ. ಸತ್ತ ಕುದುರೆಗೂ ಬೆಲೆ ಸಿಗುವ ವ್ಯಾಪಾರದಲ್ಲಿ ಆರೈಕೆ ಬಲ್ಲವನನ್ನು ಜೊತೆಗೆ ಕರೆತರಲು ವರ್ತಕನಿಗೆ ಲಾಭವೇನೂ ಇರಲಿಲ್ಲ. ಪೋಲೊನ ಆರೋಪದಲ್ಲಿ ನಂಬತಕ್ಕ ಅಂಶ ಇದ್ದರೆ ಅದು ಇಲ್ಲಿಯೇ.

ಕನ್ನಡನಾಡಿನ ಹಳ್ಳಿಗಳಲ್ಲಿ ಲಾಳವೆಂದರೆ ಕುದುರೆಗಿಂತ ಮೊದಲು ಎತ್ತು ನೆನಪಾಗುತ್ತದೆ. ಸೀಳುಗೊರಸಿನ ಎರಡು ಭಾಗಗಳಿಗೂ ಹೊಂದುವಂತೆ ಎರಡು ತೆಳು ತುಂಡುಗಳು. ಎತ್ತನ್ನು ಕೆಡವಿ, ನಾಲ್ಕು ಕಾಲು ಬಿಗಿದು, ಮೊಳೆ ಬಡಿಯುವ ಕಸುಬುದಾರರು ಸಂತೆಗಳಲ್ಲಿ ಸಾಮಾನ್ಯ ದೃಶ್ಯವಾಗಿದ್ದರು. ಕಲ್ಲುದಾರಿಯಲ್ಲಿ, ಡಾಂಬರು ರಸ್ತೆಯಲ್ಲಿ ಗಾಡಿ ಎಳೆಯುವ ಎತ್ತಿಗೆ ರೈತನು ಲಾಳ ಕಟ್ಟಿಸುತ್ತಿದ್ದನು. ಮೆತ್ತನೆಯ ಹೊಲದಲ್ಲಿ ನೇಗಿಲು ಎಳೆಯುವುದಷ್ಟೇ ಕೆಲಸವಾದರೆ ಅದರ ಗೊರಸಿಗೆ ಕಬ್ಬಿಣ ಬೇಕಿರಲಿಲ್ಲ.