ಗಯಟೆಯ ಮನೆಯ ಎರಡು ಬಣ್ಣಗಳು

ಗೋಡೆಗೆ ಬಣ್ಣ ಬಳಿಸುವ ಮುನ್ನ ಹಳದಿಯೋ ನೀಲಿಯೋ ಎಂದು ಮನೆಮಂದಿಯಲ್ಲಿ ಚರ್ಚೆ ಹುಟ್ಟುವುದು ಸಹಜ. ಈ ಪ್ರಶ್ನೆಯನ್ನು ಜರ್ಮನಿಯ ಮಹಾಕವಿಯೊಬ್ಬ ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದನೆಂಬುದು ಕುತೂಹಲದ ಸಂಗತಿ. ಅವನು ಗಯಟೆ, ಕಾಳಿದಾಸನ ಶಾಕುಂತಲವನ್ನು ಅನುವಾದದಲ್ಲಿ ಓದಿ, 1791ರಲ್ಲಿ ಅದನ್ನು ಕೊಂಡಾಡಿ ಪದ್ಯ ಬರೆದವನೆಂದು ನಮ್ಮವರಿಗೆ ಆತ್ಮೀಯನಾದವನು.

ವೈಮಾರ್ ನಗರದ ಫ್ರಾವೆನ್‌ಪ್ಲಾನ್ ಎಂಬ ಚೌಕದ ದೊಡ್ಡ ಮನೆಗೆ ಗಯಟೆ 1792ರಲ್ಲಿ ಎರಡನೆಯ ಬಾರಿ ಬಂದು, ಕೊನೆಯವರೆಗೂ ಅಲ್ಲಿಯೇ ನೆಲೆಸಿದನು. ಇಟಲಿಯ ಪ್ರವಾಸ ಮುಗಿಸಿ ಬಂದು ನಾಲ್ಕು ವರ್ಷವಾಗಿತ್ತು. ಅಲ್ಲಿನ ಬೆಳಕು ಕಣ್ಣಿನಿಂದ ಮಾಸಿರಲಿಲ್ಲ. ಗೆಳೆಯ, ಚಿತ್ರಕಾರ ಮೇಯರನ ನೆರವಿನಿಂದ ಮನೆಯನ್ನು ತನ್ನ ಅಭಿರುಚಿಗೆ ತಕ್ಕಂತೆ ಮಾರ್ಪಡಿಸಿದನು. ಅತಿಥಿಗಳೊಡನೆ ಊಟಕ್ಕೆ ಕೂರುವ ಹಜಾರಕ್ಕೆ ಹಳದಿ. ಅದಕ್ಕೆ ಹೊಂದಿದ, ಅವರನ್ನು ಎದುರುಗೊಳ್ಳುವ ಕೋಣೆಗೆ ನೀಲಿ.

1810ರಲ್ಲಿ ಅವನ ‘ವರ್ಣಸಿದ್ಧಾಂತ’ ಪ್ರಕಟವಾಯಿತು. ನ್ಯೂಟನ್ನನ ಮೇಲೆ ಅವನು ಅದರಲ್ಲಿ ಹೂಡಿದ ಕದನವನ್ನು ಭೌತವಿಜ್ಞಾನ ಒಪ್ಪಲಿಲ್ಲ, ಅದು ಸರಿಯೇ. ಆದರೆ ಬಣ್ಣ ಮನಸ್ಸಿನ ಮೇಲೆ ಮಾಡುವ ಪರಿಣಾಮವನ್ನು ಕುರಿತು ಅವನು ಬರೆದ ಭಾಗ ಇಂದಿಗೂ ಓದಿಸಿಕೊಳ್ಳುತ್ತದೆ. ಅವನ ದೃಷ್ಟಿಯಲ್ಲಿ ಹಳದಿ ಬೆಳಕಿಗೆ ಅತಿ ಸಮೀಪದ ಬಣ್ಣ, ಮನಸ್ಸಿಗೆ ಬಿಸುಪನ್ನೂ ಉಲ್ಲಾಸವನ್ನೂ ಕೊಡುವಂಥದು. ನೀಲಿಯೋ ಕತ್ತಲೆಯ ನೆರೆಯದು; ನೀಲಿ ಗೋಡೆಯ ಕೋಣೆ ವಿಶಾಲವಾಗಿ ಕಂಡರೂ ಬರಿದಾಗಿಯೂ ತಣ್ಣಗೂ ತೋರುತ್ತದೆ.

ಹಾಗಿದ್ದರೆ ಬಂದವರನ್ನು ಆ ತಣ್ಣನೆಯ ಕೋಣೆಯಲ್ಲಿ ಏಕೆ ಬರಮಾಡಿಕೊಂಡ? ಅವನಿಗೆ ಬೇಕಾಗಿದ್ದುದೇ ಆ ದೂರವೆಂದು ನನಗೆ ತೋರುತ್ತದೆ. ನೀಲಿ ನಮ್ಮ ಕಡೆಗೆ ನುಗ್ಗದೆ ಹಿಂದೆ ಸರಿದು, ನಮ್ಮನ್ನು ತನ್ನೆಡೆಗೆ ಸೆಳೆಯುವ ಬಣ್ಣವೆಂದೂ ಅವನೇ ಬರೆದಿದ್ದಾನೆ. ರೋಮಿನಲ್ಲಿ ಅವನ ಮನಸ್ಸನ್ನು ಸೂರೆಗೊಂಡಿದ್ದ ಜೂನೋ ದೇವಿಯ ಬೃಹತ್ ಶಿರೋಮೂರ್ತಿಯ ಅಚ್ಚು 1823ರಲ್ಲಿ ಈ ಕೋಣೆಗೆ ಬಂತು. ನೀಲಿಯ ಮುಂದೆ ಆ ಬಿಳಿಯ ಮುಖ! ಮನೆಯೊಡೆಯನ ಗಾಂಭೀರ್ಯವೂ ಅಂಥದೇ. 1824ರಲ್ಲಿ ಅವನನ್ನು ಕಾಣಲು ಬಂದ ಯುವಕವಿ ಹೈನೆ, ಆಡಬೇಕೆಂದುಕೊಂಡಿದ್ದ ಘನವಾದ ಮಾತುಗಳನ್ನೆಲ್ಲ ಮರೆತು, ಯೇನಾದಿಂದ ಬರುವ ದಾರಿಯ ಪ್ಲಮ್ ಹಣ್ಣು ಬಲು ರುಚಿಯೆಂದಷ್ಟೇ ಹೇಳಿದನಂತೆ. ಹೇಳಿದವನು ಸ್ವತಃ ಹೈನೆ; ಅವನ ವಿನೋದಕ್ಕೆ ಸ್ವಲ್ಪ ಸೋಡಿ ಬಿಡಬೇಕು.

ಗಯಟೆ ಬದುಕಿ ಬರೆದದ್ದು ಮಾತ್ರ ಈ ಎರಡು ಬಣ್ಣಗಳ ನಡುವೆ ಅಲ್ಲ. ಹಳದಿಯೂ ನೀಲಿಯೂ ಸಮನಾಗಿ ಬೆರೆತ ಹಸಿರಿನಲ್ಲಿ ಕಣ್ಣು ವಿಶ್ರಮಿಸುತ್ತದೆ, ಸದಾ ಇರುವ ಕೋಣೆಗೆ ಜನ ಆರಿಸುವುದು ಅದನ್ನೇ ಎಂಬುದು ಅವನ ಮಾತಿನ ತಾತ್ಪರ್ಯ. ಮನೆಯ ಹಿಂಭಾಗದಲ್ಲಿ, ತೋಟದ ಕಡೆಗೆ ಕಿಟಕಿಗಳಿದ್ದ ಅವನ ಬರವಣಿಗೆಯ ಕೋಣೆಯ ಗೋಡೆಗಳು ಹಸಿರು. ತಗ್ಗು ಮಾಳಿಗೆ, ಸಾದಾ ಮರದ ಮೇಜು. ಮೆತ್ತನೆಯ ಆಸನವೊಂದೂ ಇಲ್ಲ. ಅತಿಥಿಗಳಲ್ಲಿ ಕೆಲವರಿಗಷ್ಟೇ ಅಲ್ಲಿಗೆ ಪ್ರವೇಶವಿತ್ತು. ‘ಫೌಸ್ಟ್’ನ ಎರಡನೆಯ ಭಾಗವನ್ನು ಅವನು ಮುಗಿಸಿದ್ದು 1831ರಲ್ಲಿ. ಮರುವರ್ಷ ಮಾರ್ಚ್ 22ರಂದು, ಆ ಹಸಿರು ಕೋಣೆಗೆ ಅಂಟಿಕೊಂಡ ಪುಟ್ಟ ಮಲಗುವ ಕೋಣೆಯಲ್ಲಿ, ಕುರ್ಚಿಯಲ್ಲಿ ಒರಗಿದ್ದಂತೆಯೇ ತೀರಿಕೊಂಡನು.