‘ಬರೀ ನಾಲ್ಕು ಕಿಲೋಮೀಟರ್, ಯಾರು ಬೇಕಾದ್ರೂ ಹತ್ತಬಹುದು’: ಬೆಂಗಳೂರಿನ ಸುತ್ತಲ ಒಣಬೆಟ್ಟಗಳ ಫಾರ್ವರ್ಡ್‌ಗಳಲ್ಲಿ ನಿಜ ಎಷ್ಟು?

ಶುಕ್ರವಾರ ಸಂಜೆಯಾಯಿತೆಂದರೆ ವಾಟ್ಸಾಪ್ ಗ್ರೂಪುಗಳಲ್ಲಿ ಬೆಟ್ಟಗಳ ಪಟ್ಟಿ ಓಡಾಡಲು ಶುರುವಾಗುತ್ತದೆ. ಬೆಂಗಳೂರಿನಿಂದ ನೂರು ಕಿ.ಮೀ. ಒಳಗೆ ಹತ್ತು ಟ್ರೆಕ್‌ಗಳು, ಪ್ರತಿಯೊಂದರ ಪಕ್ಕದಲ್ಲಿ ಒಂದು ಫೋಟೊ, ಎಷ್ಟು ಕಿ.ಮೀ. ನಡಿಗೆ ಅನ್ನುವ ಅಂಕಿ, ‘ಸುಲಭ’ ಎಂಬ ಒಂದು ಮಾತು. ಆ ಪಟ್ಟಿಗಳಲ್ಲಿರುವ ಬೆಟ್ಟಗಳು ಸುಳ್ಳಲ್ಲ. ಆದರೆ ಯಾವ ಹಾದಿ ನಮಗೆ ಆಗುತ್ತದೆ ಎಂದು ತೀರ್ಮಾನಿಸಲು ಬೇಕಾದ ಮಾಹಿತಿ ಅವುಗಳಲ್ಲಿ ಬಹುತೇಕ ಇರುವುದೇ ಇಲ್ಲ.

ಮೊದಲು ಒಂದು ವಿಷಯ ಗಮನಿಸಿ. ಹಲಸೂರು, ಇಂದಿರಾನಗರ, ಕೆ.ಆರ್. ಪುರ ದಾಟಿ ಹೋಗುವ ಹಳೆ ಮದ್ರಾಸ್ ರಸ್ತೆ ನಮ್ಮನ್ನು ಕೋಲಾರದ ಅಂತರಗಂಗೆ ಬೆಟ್ಟದ ಕಡೆಗೆ ಒಯ್ಯುತ್ತದೆ. ದಂಡು ಪ್ರದೇಶದಿಂದ ಬಳ್ಳಾರಿ ರಸ್ತೆ ಹಿಡಿದರೆ ನಂದಿ, ಸ್ಕಂದಗಿರಿ ಸಿಗುತ್ತವೆ. ಇವು ಯಾವುವೂ ಮಲೆನಾಡಿನ ಬೆಟ್ಟಗಳಲ್ಲ. ಕೃಷಿ ಇಲಾಖೆಯ ಲೆಕ್ಕದಲ್ಲಿ ಈ ಭಾಗದ ಹೆಸರೇ ‘ಪೂರ್ವ ಒಣ ವಲಯ’. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿದರೆ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಅದರ ಹತ್ತನೇ ಒಂದು ಪಾಲಿನ ಆಸುಪಾಸು. ಮರ ಕಡಿಮೆ, ನೆರಳು ಇನ್ನೂ ಕಡಿಮೆ, ಕಾಲಡಿಯಲ್ಲಿ ಬೋಳು ಗ್ರಾನೈಟ್. ಕುದುರೆಮುಖ ಹತ್ತಿ ಬಂದ ಅನುಭವ ಇಲ್ಲಿ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ. ಮರುಭೂಮಿಯಲ್ಲಿ ನಡೆಯುವವರು ಕೇಳಿಕೊಳ್ಳುವ ಪ್ರಶ್ನೆಗಳನ್ನೇ ಇಲ್ಲೂ ಕೇಳಬೇಕು.

ಕಿಲೋಮೀಟರ್ ಕಡಿಮೆ ಇದ್ದರೆ ಟ್ರೆಕ್ ಸುಲಭವೇ?

ಅಲ್ಲ. ಹಲಸೂರು ಕೆರೆಯ ಪಕ್ಕ ನಾಲ್ಕು ಕಿ.ಮೀ. ನಡೆಯುವುದಕ್ಕೂ ಬೆಟ್ಟದಲ್ಲಿ ನಾಲ್ಕು ಕಿ.ಮೀ. ಏರುವುದಕ್ಕೂ ಸಂಬಂಧವೇ ಇಲ್ಲ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಒಂದು ಸರಳ ಲೆಕ್ಕ ಇಂದಿಗೂ ಬಳಕೆಯಲ್ಲಿದೆ: ಪ್ರತಿ 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ.

ಹೋಗಿ ಬರಲು ಒಟ್ಟು 8 ಕಿ.ಮೀ., ಏರಿಕೆ 450 ಮೀಟರ್ ಇರುವ ಒಂದು ಬೆಟ್ಟ ಎಂದುಕೊಳ್ಳಿ. ನಡಿಗೆಗೆ 96 ನಿಮಿಷ, ಏರಿಕೆಗೆ 45 ನಿಮಿಷ, ಒಟ್ಟು 2 ಗಂಟೆ 21 ನಿಮಿಷ. ಇದು ಗಟ್ಟಿಮುಟ್ಟಾದವರು ಎಲ್ಲೂ ಕೂರದೆ ನಡೆದರೆ ಬರುವ ಲೆಕ್ಕ. ಆಫೀಸಿನ ಗೆಳೆಯರು, ಸೆಲ್ಫಿ, ಇಡ್ಲಿ ಪೊಟ್ಟಣ ಎಲ್ಲ ಸೇರಿದರೆ ಅದಕ್ಕೆ ಅರ್ಧ ಭಾಗ ಕೂಡಿಸಿ, ಮೂರೂವರೆ ಗಂಟೆ ಎನ್ನಿ. ಹತ್ತು ಗಂಟೆಯೊಳಗೆ ಕೆಳಗಿಳಿಯಬೇಕಾದರೆ ಆರೂವರೆಗೆ ಬೆಟ್ಟದ ಬುಡದಲ್ಲಿರಬೇಕು. ಕೆ.ಆರ್. ಪುರದಿಂದ ಹೊರಡುವವರು ಅಲಾರಂ ಎಷ್ಟಕ್ಕೆ ಇಡಬೇಕು ಅನ್ನುವುದು ಇಲ್ಲಿಂದ ತಾನಾಗಿ ಗೊತ್ತಾಗುತ್ತದೆ.

ಏರಿಕೆ ಎಷ್ಟು ಎಂದು ತಿಳಿಯುವುದು ಹೇಗೆ? ಶಾಲೆಯ ಭೂಗೋಳದಲ್ಲಿ ಓದಿದ ಸಮೋನ್ನತಿ ರೇಖೆಗಳು ನೆನಪಿವೆಯಲ್ಲ, ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳು. ಪರೀಕ್ಷೆ ಮುಗಿದ ಮೇಲೆ ನಾವೆಲ್ಲ ಮರೆತ ಪಾಠ ಅದು. ಸರ್ವೇ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆಗಳನ್ನು ಆನ್‌ಲೈನ್‌ನಲ್ಲಿ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು. ಅವುಗಳಲ್ಲಿ ಸಾಮಾನ್ಯವಾಗಿ ಪ್ರತಿ 20 ಮೀಟರ್ ಎತ್ತರಕ್ಕೆ ಒಂದು ಗೆರೆ ಇರುತ್ತದೆ. ಬುಡದಿಂದ ತುದಿಗೆ 22 ಗೆರೆ ದಾಟಿದರೆ 440 ಮೀಟರ್ ಏರಿದಿರಿ. ಗೆರೆಗಳು ಒತ್ತಾಗಿದ್ದಷ್ಟೂ ಹಾದಿ ಕಡಿದು. ಗೂಗಲ್ ಮ್ಯಾಪ್‌ನ ಟೆರೇನ್ ನೋಟದಲ್ಲೂ ಇಂಥ ಗೆರೆಗಳು ಕಾಣುತ್ತವೆ. ಈ ಎರಡು ನಿಮಿಷದ ಎಣಿಕೆ ಫಾರ್ವರ್ಡ್‌ನ ಹತ್ತು ಫೋಟೊಗಳಿಗಿಂತ ಹೆಚ್ಚು ಹೇಳುತ್ತದೆ.

‘ಬೆಟ್ಟದ ಮೇಲೆ ತಂಪು’ ಅನ್ನುವುದು ನಿಜವೇ?

ಅರ್ಧ ನಿಜ. ಸಾವಿರ ಮೀಟರ್ ಮೇಲೆ ಹೋದರೆ ಗಾಳಿಯ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಬೆಂಗಳೂರು ಇರುವುದು ಸುಮಾರು 920 ಮೀಟರ್ ಎತ್ತರದಲ್ಲಿ, ನಂದಿ 1,478 ಮೀಟರ್. ಅಂದರೆ ನಮ್ಮ ಮನೆಗಿಂತ ನಂದಿಯ ತುದಿ ಮೂರೂವರೆ ಡಿಗ್ರಿಯಷ್ಟು ತಂಪು. ಅಷ್ಟೇ. ಏಪ್ರಿಲ್‌ನಲ್ಲಿ ಈ ಲಾಭವನ್ನು ಬಿಸಿಲು ಒಂದೇ ಏಟಿಗೆ ನುಂಗಿಬಿಡುತ್ತದೆ.

ಇನ್ನೊಂದು ಮುಖ್ಯ ಸಂಗತಿ: ಫೋನಿನಲ್ಲಿ ಕಾಣುವ 34 ಡಿಗ್ರಿ ನೆರಳಿನ ಉಷ್ಣತೆ. ಹವಾಮಾನ ಇಲಾಖೆ ಅಳೆಯುವುದು ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ. ಅದೇ ಹೊತ್ತಿಗೆ ಬಿಸಿಲಿಗೆ ಬಿದ್ದ ಬಂಡೆಯ ಮೈ 50 ಡಿಗ್ರಿ ದಾಟಿರಬಹುದು. ಮೇಲಿಂದ ಸೂರ್ಯ, ಕೆಳಗಿಂದ ಬಂಡೆ, ನಡುವೆ ನಾವು. ಫೆಬ್ರವರಿ, ಮಾರ್ಚ್‌ನ ಒಣ ಗಾಳಿಯಲ್ಲಿ ಬೆವರು ಬಂದ ಕೂಡಲೇ ಆರಿಹೋಗುವುದರಿಂದ ಎಷ್ಟು ನೀರು ಕಳೆದುಕೊಂಡೆವು ಎಂಬುದೂ ತಿಳಿಯುವುದಿಲ್ಲ. ಅಂಗಿ ಒದ್ದೆಯಾಗಲಿಲ್ಲ, ಹಾಗಾಗಿ ಬೆವರಿಲ್ಲ ಎಂದುಕೊಳ್ಳುವುದು ತಪ್ಪು.

ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್‌ನಲ್ಲಿ ಬೇಸಿಗೆಯ ದಿನ ಬೆಳಗ್ಗೆ 10ರಿಂದ ಸಂಜೆ 4ರವರೆಗೆ ಕಣಿವೆಯಲ್ಲಿ ನಡೆಯಬೇಡಿ ಎಂದು ಉದ್ಯಾನದ ಸಿಬ್ಬಂದಿಯೇ ಹೇಳುತ್ತಾರೆ. ನಮ್ಮ ಒಣಬೆಟ್ಟಗಳಿಗೆ ಮಾರ್ಚ್‌ನಿಂದ ಮೇವರೆಗೆ ಅದೇ ಗಡಿಯಾರ ಸರಿ. ಹಾದಿ ಆರಿಸುವಾಗ ಅದು ಬೆಟ್ಟದ ಯಾವ ಮುಖದಲ್ಲಿದೆ ಎಂದೂ ನೋಡಿ. ಪೂರ್ವದ ಮುಖಕ್ಕೆ ಬೆಳಗಿನ ಬಿಸಿಲು ನೇರವಾಗಿ ಬಡಿಯುತ್ತದೆ. ಪಶ್ಚಿಮದ ಇಳಿಜಾರು ಒಂದೆರಡು ಗಂಟೆ ಹೆಚ್ಚು ಕಾಲ ನೆರಳಿನಲ್ಲಿರುತ್ತದೆ. ಬೆಳಗಿನ ಟ್ರೆಕ್‌ಗೆ ಪಶ್ಚಿಮದ ಹಾದಿಯೇ ವಾಸಿ.

‘ಐದು ನದಿ ಹುಟ್ಟುವ ಬೆಟ್ಟ, ನೀರಿಗೇನು ಬರ?’

ನಂದಿ ಮತ್ತು ಅದರ ಅಕ್ಕಪಕ್ಕದ ಬೆಟ್ಟಗಳಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ, ಪಾಪಾಗ್ನಿ, ಚಿತ್ರಾವತಿ ಹುಟ್ಟುತ್ತವೆ ಎಂಬುದು ಸರಿ. ಆದರೆ ಇವು ಯಾವುವೂ ಇಲ್ಲಿ ವರ್ಷವಿಡೀ ಹರಿಯುವ ನದಿಗಳಲ್ಲ. ಮಳೆ ಬಂದರೆ ಹಳ್ಳ, ಇಲ್ಲದಿದ್ದರೆ ಮರಳು. ನಕ್ಷೆಯ ನೀಲಿ ಗೆರೆ ನಂಬಿ ಬಾಟಲಿ ಹಗುರ ಮಾಡಿಕೊಳ್ಳಬೇಡಿ.

ಅಂತರಗಂಗೆಯಲ್ಲಿ ದೇವಸ್ಥಾನದ ಬಳಿ ಕಲ್ಲಿನ ಬಸವನ ಬಾಯಿಂದ ನೀರು ಸುರಿಯುತ್ತದೆ. ಅದು ಮೆಟ್ಟಿಲು ಹತ್ತಿದವರಿಗೆ ಸಿಗುವ ನೀರು. ಅಲ್ಲಿಂದ ಮೇಲೆ ಗುಹೆ, ಬಂಡೆಗಳ ಕಡೆ ಹೋಗುವವರ ಜೊತೆ ಅದು ಬರುವುದಿಲ್ಲ.

ಬೆಟ್ಟದ ಮೇಲಿಂದ ಕಾಣುವ ತುಂಬಿದ ಕೆರೆಗಳ ಕಥೆ ಇನ್ನೂ ಸ್ವಾರಸ್ಯದ್ದು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಹೆಬ್ಬಾಳ-ನಾಗವಾರ ಕಣಿವೆಯ ನೀರು ಚಿಕ್ಕಬಳ್ಳಾಪುರದ ಕಡೆ ಹೋಗುತ್ತದೆ. ಅಂತರ್ಜಲ ಏರಲಿ ಎಂಬುದು ಉದ್ದೇಶ, ಕುಡಿಯಲಿ ಎಂದಲ್ಲ. ಅಂದರೆ ಕೆರೆಯಲ್ಲಿ ಹೊಳೆಯುತ್ತಿರುವುದು ಬೆಂಗಳೂರಿನ ಬಚ್ಚಲಲ್ಲಿ ಹರಿದ ನೀರೇ ಆಗಿರಬಹುದು. ಕುದಿಸಿದರೂ ರಾಸಾಯನಿಕಗಳು ಹೋಗುವುದಿಲ್ಲ.

ಹಾಗಾಗಿ ನೀರು ಬೆನ್ನ ಮೇಲೆಯೇ ಬರಬೇಕು. ಬಿಸಿಲಲ್ಲಿ ಏರುವವರಿಗೆ ಗಂಟೆಗೆ ಅರ್ಧದಿಂದ ಒಂದು ಲೀಟರ್ ಬೇಕು. ಮೇಲಿನ ಮೂರೂವರೆ ಗಂಟೆಯ ಹಾದಿಗೆ ತಲೆಗೆ ಮೂರು ಲೀಟರ್, ಅಂದರೆ ಮೂರು ಕಿಲೋ. ಅಷ್ಟು ಹೊರಲಾಗದಿದ್ದರೆ ಆ ಹಾದಿ ನಿಮಗೆ ಉದ್ದವಾಯಿತು, ಬೇರೆ ಆರಿಸಿ. ಅರ್ಧ ನೀರು ಖಾಲಿಯಾದಾಗ ತುದಿ ಎಷ್ಟೇ ಹತ್ತಿರ ಕಂಡರೂ ತಿರುಗಿ ಇಳಿಯುವುದು ಮರುಭೂಮಿಯಲ್ಲಿ ನಡೆಯುವವರ ರೂಢಿ. ಬರೀ ನೀರನ್ನೇ ಲೀಟರ್‌ಗಟ್ಟಲೆ ಒಂದೇ ಸಮ ಕುಡಿಯುವುದೂ ಅಪಾಯ: ರಕ್ತದಲ್ಲಿ ಸೋಡಿಯಂ ಕುಸಿಯುತ್ತದೆ. ಓಆರ್‌ಎಸ್, ಉಪ್ಪು ಹಾಕಿದ ಮಜ್ಜಿಗೆ, ಖಾರದ ಕಡಲೆಕಾಯಿ ಇದ್ದರೆ ಸಾಕು.

‘ಹತ್ತೋದೇ ಕಷ್ಟ, ಇಳಿಯೋದು ಆರಾಮ’

ಉಸಿರಿಗೆ ಆರಾಮ, ಕಾಲಿಗಲ್ಲ. ಇಳಿಯುವಾಗ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಭಾರ ತಡೆಯಬೇಕಾಗುತ್ತದೆ. ಬೇಗ ನಡುಗಲು ಶುರುವಾಗುವುದು ಅದಕ್ಕೇ. ಆಲ್ಪ್ಸ್ ಪರ್ವತಗಳಲ್ಲಿ ಬಿದ್ದವರ ಲೆಕ್ಕ ತೆಗೆದಾಗಲೂ ಹೆಚ್ಚಿನವರು ಬಿದ್ದದ್ದು ಇಳಿಯುವಾಗ. ನಮ್ಮ ಗ್ರಾನೈಟ್ ಈರುಳ್ಳಿಯಂತೆ ಪದರ ಕಳಚುತ್ತದೆ. ಸಡಿಲ ಚಕ್ಕೆ, ಅದರ ಮೇಲೆ ಮರಳಿನ ಪುಡಿ, ಸವೆದ ಶೂ ಸೇರಿದರೆ ಜಾರುವುದು ಖಂಡಿತ. ಮಳೆಗಾಲದಲ್ಲಿ ಅದೇ ಬಂಡೆಯ ಮೇಲೆ ಪಾಚಿ.

2022ರ ಫೆಬ್ರವರಿ 20ರಂದು ನಂದಿ ಬಳಿಯ ಬ್ರಹ್ಮಗಿರಿಯಲ್ಲಿ ಟ್ರೆಕ್‌ಗೆ ಹೋಗಿದ್ದ ಒಬ್ಬ ವಿದ್ಯಾರ್ಥಿ ಸುಮಾರು 300 ಅಡಿ ಕೆಳಗೆ ಜಾರಿ ಬಂಡೆಯ ಅಂಚಿನಲ್ಲಿ ಸಿಕ್ಕಿಕೊಂಡ. ಯಲಹಂಕದಿಂದ ವಾಯುಪಡೆಯ ಹೆಲಿಕಾಪ್ಟರ್ ಬಂದು ಅವನನ್ನು ಮೇಲೆತ್ತಬೇಕಾಯಿತು. ಬೆಂಗಳೂರಿಗೆ ಇಷ್ಟು ಹತ್ತಿರದ ಬೆಟ್ಟದಲ್ಲಿ!

ಹೀಗಾಗಿ ಏಷ್ಯಾದಲ್ಲೇ ದೊಡ್ಡ ಏಕಶಿಲೆ ಎಂಬ ಬಿರುದು (ಸಾವನದುರ್ಗ, ಮಧುಗಿರಿ ಎರಡಕ್ಕೂ ಫಾರ್ವರ್ಡ್‌ಗಳು ಇದನ್ನು ಧಾರಾಳವಾಗಿ ಹಂಚುತ್ತವೆ) ನೋಡಿ ಮೊದಲ ಟ್ರೆಕ್‌ಗೆ ಅಲ್ಲಿಗೆ ಹೋಗಬೇಡಿ. ಏಕಶಿಲೆ ಎಂದರೆ ಹಿಡಿಯಲು ಗಿಡವಿಲ್ಲದ ಇಳಿಜಾರು ಎಂದೇ ಓದಿಕೊಳ್ಳಿ. ಮಕ್ಕಳು, ಹಿರಿಯರು ಜೊತೆಗಿದ್ದರೆ ಮೆಟ್ಟಿಲಿರುವ ಹಾದಿಯೇ ಒಳ್ಳೆಯದು.

ಫೋನ್ ಸಿಡಿಲನ್ನು ಎಳೆಯುತ್ತದೆಯೇ?

ಇಲ್ಲ. ಸಿಡಿಲು ಹುಡುಕುವುದು ಎತ್ತರವನ್ನು, ಫೋನನ್ನಲ್ಲ. ಬೋಳು ಬೆಟ್ಟದ ತುದಿಯಲ್ಲಿ ಆ ಎತ್ತರ ನೀವೇ ಆಗಿರುತ್ತೀರಿ. ಏಪ್ರಿಲ್, ಮೇ ಮತ್ತು ಸೆಪ್ಟೆಂಬರ್, ಅಕ್ಟೋಬರ್‌ನ ಗುಡುಗುಮಳೆ ನಮ್ಮಲ್ಲಿ ಹೆಚ್ಚಾಗಿ ಮಧ್ಯಾಹ್ನದ ನಂತರ ಬರುತ್ತದೆ. ಬೆಳಗ್ಗೆ ಬೇಗ ಇಳಿಯಲು ಅದೂ ಒಂದು ಕಾರಣ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡ್‌ಗಿಂತ ಕಡಿಮೆ ಇದ್ದರೆ ಸಿಡಿಲು ಹತ್ತು ಕಿ.ಮೀ. ಒಳಗೇ ಇದೆ, ತುದಿ ಬಿಟ್ಟು ಇಳಿಯಿರಿ. ನಾಲ್ಕು ಕಂಬದ ಮಂಟಪ, ಒಂಟಿ ಮರ ಕಾಯುವುದಿಲ್ಲ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಸಿಡಿಲಿನ ಮುನ್ಸೂಚನೆ ಕೊಡುತ್ತದೆ. ಅಂದರೆ ಫೋನ್ ಆಫ್ ಮಾಡುವ ಬದಲು ಆನ್ ಇಡಿ.

ಹೊರಡುವ ಮುನ್ನ ಅನುಮತಿ

2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಒಂದೇ ವಾರಾಂತ್ಯ ಸಾವಿರಾರು ಜನ ನುಗ್ಗಿದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ತಡೆ ಹಾಕಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಜಾಲತಾಣದ ಮೂಲಕ ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೊಂದಿಗೆ ಬುಕಿಂಗ್ ಶುರುವಾಯಿತು. ಹಳೆಯ ಫಾರ್ವರ್ಡ್‌ಗಳಲ್ಲಿ ಈ ಮಾತಿಲ್ಲ. ಪಟ್ಟಿಯಲ್ಲಿರುವ ಹಾದಿ ಇಂದು ತೆರೆದಿದೆಯೇ ಎಂದು ಅಲ್ಲೇ ನೋಡಿ.

ಯಾರಾದರೂ ಬಿಸಿಲಿಗೆ ಕುಸಿದರೆ?

ಪ್ಯಾರಾಸಿಟಮಾಲ್ ಕೊಡಿ ಎನ್ನುವ ಫಾರ್ವರ್ಡ್ ಇದೆ. ಕೊಡಬೇಡಿ, ಅದು ಸೋಂಕಿನ ಜ್ವರಕ್ಕೆ ಕೆಲಸ ಮಾಡುವ ಮಾತ್ರೆ, ಹೀಟ್ ಸ್ಟ್ರೋಕ್‌ನಲ್ಲಿ ಪ್ರಯೋಜನವಿಲ್ಲ. ಮೈ ಕೆಂಡದಂತೆ ಬಿಸಿಯಾಗಿ, ಮಾತು ತೊದಲಿ ಅಥವಾ ಗಲಿಬಿಲಿಗೊಂಡು ವರ್ತಿಸುತ್ತಿದ್ದರೆ ಅದು ಬರೀ ಸುಸ್ತಲ್ಲ. ನೆರಳಿಗೆ ಎಳೆಯಿರಿ, ಉಳಿದ ನೀರನ್ನು ಬಾಯಿಗಲ್ಲ, ಮೈಮೇಲೆ ಸುರಿಯಿರಿ, ಟವೆಲ್ಲಿನಿಂದ ಗಾಳಿ ಬೀಸಿ. ಎಚ್ಚರ ತಪ್ಪಿದವರಿಗೆ ಕುಡಿಸಲು ಹೋದರೆ ನೀರು ಶ್ವಾಸನಾಳಕ್ಕೆ ಇಳಿಯುತ್ತದೆ. 108ಕ್ಕೆ ಕರೆ ಮಾಡುವಾಗ ಬೆಟ್ಟದ ಹೆಸರಿನ ಜೊತೆ ಬುಡದ ಹಳ್ಳಿಯ ಹೆಸರನ್ನೂ ಹೇಳಿ. ಆಂಬುಲೆನ್ಸ್ ಬರುವುದು ಅಲ್ಲಿಗೆ. ಆ ಹೆಸರನ್ನು ಹತ್ತುವ ಮೊದಲೇ ಯಾರಾದರೂ ಅಂಗಡಿಯವರನ್ನು ಕೇಳಿ ತಿಳಿದುಕೊಂಡಿರಿ.